ಎದೆಯೊಳಗಿನ ಚುಕ್ಕೆ

ಅಕ್ಕಿ ಗಿರಣಿಯ ಶ್ರೀಮಂತನೊಬ್ಬನಿದ್ದ, ಗುರುಶಾಂತಪ್ಪ ಎಂದು. ಒಂದು ದಿನ ಮೆಟ್ಟಿಲಿನಿಂದ ಜಾರಿ ಬಿದ್ದ. ಪಕ್ಕೆಲುಬು ಮುರಿದಿದೆಯೋ ಏನೋ ಎಂದು ಸ್ಕ್ಯಾನ್ ಮಾಡಿಸಿದರು. ಎಲುಬು ನೆಟ್ಟಗಿತ್ತು. ಆದರೆ ಡಾಕ್ಟರು, "ಶ್ವಾಸಕೋಶದಾಗ ಸಣ್ಣ ಚುಕ್ಕಿ ಐತ್ರಿ. ಬಹುಶಃ ಏನೂ ಇರಂಗಿಲ್ಲ. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣು" ಎಂದರು.

ನೋಡಿ, 'ಏನೂ ಇರಂಗಿಲ್ಲ' ಎಂದದ್ದು ಅವನ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ಎರಡೇ: ಚುಕ್ಕಿ, ಮೂರು ತಿಂಗಳು.

ಅಂದಿನಿಂದ ಊಟ ಅರ್ಧಕ್ಕೇ ಬಿಟ್ಟು ಏಳುವನು. ಕೆಮ್ಮಿದರೆ ಕರವಸ್ತ್ರ ಬಿಡಿಸಿ ರಕ್ತ ಹುಡುಕುವನು. ನಾಲ್ಕು ಹೆಜ್ಜೆ ನಡೆದು ಏದುಸಿರು ಬಂದರೆ, ಬಂತು ಸಾವು, ಇನ್ನೇನು ಬಂತು ಎಂದು ಗೋಡೆ ಹಿಡಿದು ನಿಲ್ಲುವನು. ಮನೆಯಲ್ಲಿ ಅವನ ಮುದಿ ತಾಯಿ ಇದ್ದಳು, ಹೇಳಿದನೇ? ಇಲ್ಲ. ನರ್ಸಿಂಗ್ ಕೊನೆಯ ವರ್ಷ ಓದುವ ಮಗಳಿದ್ದಳು, ಹೇಳಿದನೇ? ಇಲ್ಲ! ತಾಯಿಯಿಲ್ಲದ ಆ ಮಗಳಿಗೆ ತಾನೂ ಹೋದರೆ ಯಾರು ಗತಿ ಎಂದು ನಡುಗಿದ. ಸಿಕ್ಕ ವರನಿಗೆ ಮಾತು ಕೊಟ್ಟುಬಿಟ್ಟ.

"ಇನ್ನ ಎಂಟು ತಿಂಗಳ ತಡಿಯಪಾ, ಓದು ಮುಗೀತೈತಿ," ಎಂದಳು ಮಗಳು ವಿಶಾಲಾ.

"ಎದುರು ಮಾತಾಡಬ್ಯಾಡ!" ಎಂದು ಗದರಿದ. ಗದರುವಾಗಲೂ ಅವನ ಕೈ ಎದೆಯ ಮೇಲಿತ್ತು.

ಮದುವೆಯಾಯಿತು. ಅತ್ತೆಮನೆಯವರು ಓದು ಬಿಡಿಸಿದರು. ಮೂರು ತಿಂಗಳು ತುಂಬಿತು. ಕಾಲೆಳೆಯುತ್ತ ಹೋಗಿ ಮತ್ತೆ ಸ್ಕ್ಯಾನ್ ಮಾಡಿಸಿದ. "ಒಂಚೂರೂ ಬೆಳದಿಲ್ಲ. ಹಳೇ ಗಾಯದ ಕಲೆ. ಸಣ್ಣಾವರಿದ್ದಾಗ ಎದಿ ಬ್ಯಾನಿ, ಕಫದ ಜ್ವರ ಏನರ ಆಗಿತ್ತೇನ್ರಿ?" ಎಂದರು ಡಾಕ್ಟರು.

ಮನೆಗೆ ಬಂದು ತಾಯಿಯನ್ನು ಕೇಳಿದ.

"ಆಗಿತ್ತಪಾ, ಆರನೇ ವರ್ಷಕ್ಕ. ಕೂಸು ಉಳಿಯಂಗಿಲ್ಲ ಅಂದಿದ್ರು. ಈಗ್ಯಾಕ ಕೇಳ್ತಿ?"

ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದ. ಅವಳು, "ಅವತ್ತ ಒಂದು ಮಾತು ನನಗ ಹೇಳಿದ್ರ, ನಾನ ರಿಪೋರ್ಟ್ ಓದಿ ತಿಳಿಸಿ ಹೇಳ್ತಿದ್ದೆನಲ್ಲಪಾ," ಎಂದಳು. ಆ ಕಡೆ ಯಾರೋ ಅವಳನ್ನು ಕೂಗಿದರು. ಫೋನು ಕಟ್ಟಾಯಿತು.

ಈಗ ಹೇಳಿ. ಆ ಚುಕ್ಕೆ ಯಾರಿಗಾದರೂ ಏನಾದರೂ ಮಾಡಿತೇ? ಮಗಳ ಓದನ್ನು ಕಿತ್ತುಕೊಂಡದ್ದು ಬಾಯಿಬಿಡದ ಭಯ. ನಾಳೆ ನಿಮ್ಮ ಕೈಗೂ ಅಂಥದೊಂದು ರಿಪೋರ್ಟ್ ಬಂದೀತು. ಡಾಕ್ಟರ ಮಾತನ್ನು ಪೂರ್ತಿ ಕೇಳಿ, ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ; ಕರೆದ ದಿನ ತಪ್ಪದೆ ಹೋಗಿ. ಅಂದೇ ಮನೆಯವರನ್ನು ಹತ್ತಿರ ಕೂರಿಸಿಕೊಂಡು, 'ನನಗೆ ಹೆದರಿಕೆಯಾಗಿದೆ' ಎನ್ನಿ. ನಾಚಬೇಡಿ, ಎನ್ನಿ. ಆ ಹೆದರಿಕೆ ಇಳಿಯುವ ತನಕ ಇನ್ನೊಬ್ಬರ ಬಾಳಿಗೆ ಕೈ ಹಾಕಬೇಡಿ.