ಈರುಳ್ಳಿಗೆ ಹೋದ ಸೈಲೆನ್ಸರ್

ಷಣ್ಮುಖಪ್ಪ ಬಿನ್ ಲೇಟ್ ಮೃತ್ಯುಂಜಯಪ್ಪ, 54 ವರ್ಷ, ಶಾಲಾ ಮಕ್ಕಳ ವ್ಯಾನ್ ಬಾಡಿಗೆ ವ್ಯವಹಾರ, ವಾಸ ಬಸ್ ನಿಲ್ದಾಣದ ಹಿಂಭಾಗ, ಅಜ್ಜಂಪುರ, ಆದ ನಾನು ಎರಡು ದಿನದಲ್ಲಿ ಮೂರನೇ ಸಲ ಠಾಣೆಗೆ ಹಾಜರಾಗಿ ತಿಳಿಸುವುದೇನೆಂದರೆ:

ಈ ಪ್ರಕರಣದಲ್ಲಿ ನನಗೆ ಆದ ಖರ್ಚು ಪೆಟ್ರೋಲಿಗೆ ಇನ್ನೂರು, ವೆಲ್ಡಿಂಗ್‌ಗೆ ಮುನ್ನೂರು, ಜೊತೆಗೆ ಐದು ಕೆ.ಜಿ. ಈರುಳ್ಳಿ. ಕಳೆದ ವಸ್ತು, ಅಂದರೆ ವ್ಯಾನಿನ ಸೈಲೆನ್ಸರ್, ಸಿಗದಿದ್ದರೆ ಹೊಸದಕ್ಕೆ ಐವತ್ತೆಂಟು ಸಾವಿರ ಹೋಗುತ್ತಿತ್ತು. ವಸ್ತು ಸಿಕ್ಕಿದೆ. ನನ್ನ ಚಾಲಕ ಧರ್ಮೇಶ್ ಮೇಲೆ ನಿನ್ನೆ ಕೊಟ್ಟ ಕಳ್ಳತನದ ದೂರು ತಪ್ಪು.

ಧರ್ಮೇಶ್, 27 ವರ್ಷ, ಯಗಟಿಯವನು, ನಾಲ್ಕು ವರ್ಷದಿಂದ ನನ್ನ ವ್ಯಾನ್ ಓಡಿಸುತ್ತಿದ್ದಾನೆ. ಸರ್ಕಾರಿ ಬಸ್ಸಿನ ಚಾಲಕ ಹುದ್ದೆಗೆ ಆಯ್ಕೆಯಾಗಿದ್ದು, ಪೊಲೀಸ್ ಪರಿಶೀಲನೆಯೊಂದೇ ಬಾಕಿ ಇದೆ. ಕೇಸು ಬಿದ್ದರೆ ಆ ಕೆಲಸ ಸಿಗುವುದಿಲ್ಲ.

ದಿನಾಂಕ 29-09-2025ರಂದು ದಸರಾ ರಜೆಯಿದ್ದ ಕಾರಣ ಅವನು ಸದ್ದು ಮಾಡುತ್ತಿದ್ದ ಸೈಲೆನ್ಸರ್ ಬಿಚ್ಚಿ, ಕಡೂರಿಗೆ ವೆಲ್ಡಿಂಗ್‌ಗೆ ಒಯ್ಯಲೆಂದು ಗೋಣಿಚೀಲದಲ್ಲಿ ಸುತ್ತಿ ನಮ್ಮ ಹಿತ್ತಲಿನ ಸೌದೆ ಪಕ್ಕ ಇಟ್ಟಿದ್ದ. ಅದು ಬರೀ ಕೊಳವೆಯಲ್ಲ. ಒಳಗೆ ಜೇನುಗೂಡಿನಂತೆ ಸಣ್ಣ ತೂತುಗಳಿರುವ ಕಲ್ಲಿದೆ, ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ ಲೇಪವಿದೆ. ಹೊಗೆ ಅದರ ಮೂಲಕ ಹಾದು ಬರುವಾಗ ವಿಷ ಕಳೆದುಕೊಳ್ಳುತ್ತದೆ. ಕಳ್ಳರು ಕಬ್ಬಿಣ ಬಿಸಾಕಿ ಆ ಕಲ್ಲನ್ನೇ ಪುಡಿ ಮಾಡಿ ಮಾರುತ್ತಾರೆಂದು ಕಡೂರಿನ ಮೆಕ್ಯಾನಿಕ್ ರುದ್ರಮೂರ್ತಿ ಹಿಂದೆಯೇ ಎಚ್ಚರಿಸಿದ್ದರು.

ದಿನಾಂಕ 01-10-2025, ಆಯುಧಪೂಜೆಯ ಬೆಳಿಗ್ಗೆ 8 ಗಂಟೆಗೆ ಧರ್ಮೇಶ್ ವ್ಯಾನ್ ತೊಳೆಯಲು ಬಂದಾಗ ಚೀಲ ಇರಲಿಲ್ಲ. ಇಲ್ಲೇ ಇಟ್ಟಿದ್ದೆ ಕಣ್ರೀ ಯಜಮಾನ್ರೆ, ನನ್ನಾಣೆ ಎಂದ. ಇಟ್ಟಿದ್ದು ನೀನು, ಜಾಗ ಗೊತ್ತಿದ್ದವನೂ ನೀನೊಬ್ಬನೇ ಕಣೋ ಎಂದು ಕೂಗಾಡಿ ನಾನು 9.30ಕ್ಕೆ ದೂರು ಬರೆಸಿದೆ. ಹಬ್ಬದ ಹೊಸ ಅಂಗಿಯಲ್ಲೇ ಅವನನ್ನು ಠಾಣೆಯ ಬೆಂಚಿನ ಮೇಲೆ ಸಂಜೆಯವರೆಗೆ ಕೂರಿಸಲಾಯಿತು. ತರಿಸಿಕೊಟ್ಟ ಟೀ ಕುಡಿಯಲಿಲ್ಲ.

ಸಂಜೆ 6.30ಕ್ಕೆ ನನ್ನ ಹೆಂಡತಿ ತೀರ್ಥಮ್ಮ ಈರುಳ್ಳಿ ಬಜ್ಜಿ ಕೊಟ್ಟಳು. ಮನೆಗೆ ಸಂತೆ ತರುವವನು ನಾನು. ಆ ವಾರ ಈರುಳ್ಳಿ ತಂದಿರಲಿಲ್ಲ. ಎಲ್ಲಿಂದ ಬಂತು ಎಂದು ಕೇಳಿದೆ. ಆಯುಧಪೂಜೆಗೆ ಮನೇಲಿ ತುಕ್ಕು ಕಬ್ಣ ಇರಬಾರ್ದಲ್ಲ, ಮೊನ್ನೆ ಹಿತ್ಲು ಗುಡಿಸಿ ತರೀಕೆರೆ ಗುಜರಿ ಅಂಜಿನಪ್ಪಂಗೆ ಹಾಕ್ಬಿಟ್ಟೆ, ನಾಲ್ಕು ಕೆ.ಜಿ. ಈರುಳ್ಳಿ ಕೊಡ್ತೀನಿ ಅಂದ, ಬಿಡ್ತೀನಾ, ಐದು ಈಸ್ಕಂಡೆ ಎಂದು ಹೆಮ್ಮೆಯಿಂದ ಹೇಳಿದಳು. ನಾನು ತಿನ್ನುತ್ತಿರುವ ಬಜ್ಜಿಯ ಬೆಲೆ ಐವತ್ತೆಂಟು ಸಾವಿರ ಎಂದು ತಿಳಿಸಿದೆ. ಅವಳು ಬೆಲೆಯ ಮಾತೆತ್ತದೆ, ಅಯ್ಯೋ, ಆ ಹುಡುಗ ಎಲ್ರೀ ಎಂದು ಕೇಳಿದಳು.

ಕೂಡಲೇ ಠಾಣೆಗೆ ಬಂದು ವಿಷಯ ತಿಳಿಸಿದೆ. ಧರ್ಮೇಶ್‌ನನ್ನು ಕಳಿಸಲಾಯಿತು.

ಈ ದಿನ ಬೆಳಿಗ್ಗೆ 6.30ಕ್ಕೆ ಧರ್ಮೇಶ್ ಮತ್ತು ನಾನು ತರೀಕೆರೆಗೆ ಹೊರಟೆವು. ಆರೋಪಿಯ ಬೈಕಿನ ಹಿಂದೆ ದೂರುದಾರನಾದ ನಾನು ಕುಳಿತಿದ್ದೆ. ಗಟ್ಟಿಯಾಗಿ ಹಿಡ್ಕೊಳ್ರಿ ಯಜಮಾನ್ರೆ, ನೀವು ಬಿದ್ರೆ ಅದೂ ನನ್ ತಲೆಗೇ ಬತ್ತದೆ ಎಂದ. ಮುಂದಿನ ಸುಮಾರು ಇಪ್ಪತ್ತು ಕಿ.ಮೀ. ಅವನ ಭುಜ ಹಿಡಿದುಕೊಂಡೇ ಕುಳಿತಿದ್ದೆ.

ಅಂಜಿನಪ್ಪನ ಶೆಡ್ಡಿನಲ್ಲಿ ತಕ್ಕಡಿಗೆ ಚೆಂಡುಹೂವಿನ ಹಾರ ಹಾಕಿತ್ತು. ಪೂಜೆಗೆ ಕೂರಿಸಿದ ತಕ್ಕಡಿಯನ್ನು ವಿಜಯದಶಮಿಯ ಮರುಪೂಜೆ ಆಗುವವರೆಗೆ ಎತ್ತಂಗಿಲ್ಲ, ತೂಗದ ಮಾಲು ಆಚೆ ಹೋಗಂಗಿಲ್ಲ, ಅದಕ್ಕೇ ಎಲ್ಲ ಇಲ್ಲೇ ಅದೆ, ಮಾಲು ಕೊಳ್ಳೋ ಶಿವಮೊಗ್ಗದ ಪಾರ್ಟಿ ಇವತ್ತು ಹನ್ನೊಂದಕ್ಕೆ ಬತ್ತಾರೆ ಎಂದು ಅವನು ಹೇಳಿದ. ತಕ್ಕಡಿಯ ಪಕ್ಕದ ರಾಶಿಯ ಮೇಲೆ ನಮ್ಮ ಸೈಲೆನ್ಸರ್ ಮೂರು ಪಟ್ಟೆ ವಿಭೂತಿ ಹಚ್ಚಿಸಿಕೊಂಡು ಮಲಗಿತ್ತು. ನನ್ನ ಈರುಳ್ಳಿ ನಂಗೆ ಕೊಟ್ಬಿಡಿ, ನಿಮ್ಮನೆ ಅಮ್ಮಾರ ಜೊತೆ ಇನ್ನೊಂದ್ಸಲ ಚೌಕಾಸಿ ಮಾಡೋ ತಾಕತ್ತಿಲ್ಲ ಎಂದ. ತರೀಕೆರೆಯ ಅಂಗಡಿಯಲ್ಲೇ ಐದು ಕೆ.ಜಿ. ಕೊಂಡು ಕೊಟ್ಟೆ.

ಅಲ್ಲಿಂದ ಕಡೂರಿಗೆ ಹೋದೆವು. ರುದ್ರಮೂರ್ತಿ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ, ಕಲ್ಲು ಮುಕ್ಕಾಗಿಲ್ಲ ಎಂದು ಹೇಳಿ ವೆಲ್ಡಿಂಗ್ ಮಾಡಿಕೊಟ್ಟರು. ಧರ್ಮೇಶ್ ಅಲ್ಲೇ ಹಳೆಯ ಟೈರಿನ ಮೇಲೆ ಕುಳಿತು ಒಂದರ ಹಿಂದೊಂದು ಎರಡು ಟೀ ಕುಡಿದ. ಟೀಗೆ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ.

ಆದ್ದರಿಂದ ಅವನ ಮೇಲೆ ಯಾವುದೇ ಕ್ರಮ ಬೇಡ. ಅವನ ಪರಿಶೀಲನೆಯ ಕಾಗದ ಬಂದಾಗ ಇದನ್ನೂ ಜೊತೆಗಿಟ್ಟು ನೋಡಬೇಕು.

ಒಟ್ಟು ಲೆಕ್ಕ: ಅಂಜಿನಪ್ಪನಿಗೆ ಅವನ ಈರುಳ್ಳಿ ಬಂತು. ತೀರ್ಥಮ್ಮನಿಗೆ ಹಿತ್ತಲು ಚೊಕ್ಕಟವಾಯಿತು, ಬಜ್ಜಿ ಮಿಕ್ಕಿತು. ನನಗೆ ಸೈಲೆನ್ಸರ್ ಸಿಕ್ಕಿತು, ಅವನು ಬಸ್ಸಿನ ಕೆಲಸಕ್ಕೆ ಹೋಗುವುದರಿಂದ ಮುಂದಿನ ತಿಂಗಳಿಂದ ಚಾಲಕ ಇರುವುದಿಲ್ಲ. ಧರ್ಮೇಶ್‌ಗೆ ಅವನ ಹೆಸರು ವಾಪಸ್ಸು ಬಂತು. ಅದು ಮೊದಲೇ ಅವನದಾಗಿತ್ತು, ಲಾಭದ ಕಡೆ ಬರೆಯುವಂತಿಲ್ಲ.

ಓದಿ ಹೇಳಿದ್ದನ್ನು ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಅಜ್ಜಂಪುರ
ದಿನಾಂಕ: 02-10-2025, ಸಂಜೆ 4 ಗಂಟೆ
ಸಹಿ: ಷಣ್ಮುಖಪ್ಪ