ಹಲಸಿನ ಮರದಡಿಯ ತರಗತಿ

ಭಾನುವಾರ ಮೂಡಬಿದಿರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಕಮಲಾವತಿಗೆ, ಪಕ್ಕದಲ್ಲಿ ನಿಂತಿದ್ದ ಊರಿನ ವೀರರಾಜ ಧಣಿಗಳ ಮತ್ತು ಹತ್ತಿರದ ಶಾಲೆಯ ಭೋಜ ಮಾಷ್ಟ್ರ ಮಾತು ಕಿವಿಗೆ ಬಿತ್ತು.

"ನಾನು ಕಟ್ಟಿಸಿಕೊಟ್ಟ ಕೋಣೆ ಬಿಟ್ಟು ಮಕ್ಕಳನ್ನು ಹಲಸಿನ ಮರದಡಿ ಕೂರಿಸ್ತೀರಂತೆ ಮಾಷ್ಟ್ರೇ?"

"ಹೌದು ಧಣಿಗಳೇ. ಅಲ್ಲಿ ಗಾಳಿ ಉಂಟು, ಬೆಳಕು ಉಂಟು. ಯಾರೂ ತೂಕಡಿಸುವುದಿಲ್ಲ."

"ಬಿಸಿಲು ಬಂದ್ರೆ?"

"ಮರದ ಸುತ್ತ ಕೆಂಪುಕಲ್ಲು ಹಾಕಿದ್ದೇವೆ. ನೆರಳು ಸರಿದ ಹಾಗೆ ಮಕ್ಕಳೂ ಕಲ್ಲಿಂದ ಕಲ್ಲಿಗೆ ಸರೀತಾರೆ."

"ನಮ್ಮ ಮೊಮ್ಮಗಳು?"

"ಕೋಣೆಯಲ್ಲಿ ಬಾಯಿಯೇ ಬಿಡ್ತಿರಲಿಲ್ಲ. ಈಗ ಅವಳು ಮಗ್ಗಿ ಹೇಳಿದ್ರೆ ರಸ್ತೆಗೆ ಕೇಳ್ತದೆ."

ಧಣಿಗಳು ತಿರುಗಿ ಶಾಲೆಯ ದಾರಿ ನೋಡಿದರು.

"ಕೋಣೆಗೆ ಬೆಂಚು ಮಾಡಿಸ್ಲಿಕ್ಕೆ ಅದೇ ಮರ ಕಡಿಯಲು ಈಗಷ್ಟೇ ಆಳು ಕಳಿಸಿದ್ದೇನೆ."

ಬಸ್ಸು ಬಂತು.

"ಬಸ್ಸು ಹೋಗ್ಲಿ. ಮರಕ್ಕೆ ಕೊಡಲಿ ಬೀಳುವ ಮೊದಲು ಬೇಗ ಹೋಗುವ ಮಾಷ್ಟ್ರೇ."

ಧಣಿಗಳು ಪಂಚೆ ಎತ್ತಿಕಟ್ಟಿ ಶಾಲೆಯ ಕಡೆ ಓಡಿದ್ದನ್ನು ಕಮಲಾವತಿ ಕಂಡದ್ದು ಅಂದೇ ಮೊದಲು.