ಫ್ಯಾನಿನ ಸದ್ದು

ಹಾಸನದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನನ್ನ ಪ್ರಿಂಟರ್‌ಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕೊರವಂಗಲದ ಅಣ್ಣ, ತಂಗಿ. ಅಣ್ಣ ಮನೆಯಲ್ಲೇ ಮದುವೆ ವಿಡಿಯೊ ಎಡಿಟಿಂಗ್ ಮಾಡುವವನು. ಕಂಪ್ಯೂಟರ್ ನಿಧಾನವಾಗಿದೆಯೆಂದು ಹೊತ್ತು ತಂದಿದ್ದರು.

"ಒಸಾ ಪ್ರೊಸೆಸರ್ ಯಾಕಣ್ಣ? ಇರೋದನ್ನೇ ಓವರ್‌ಕ್ಲಾಕ್ ಮಾಡಿ ಸ್ಪೀಡ್ ಏರ್ಸುದ್ರೆ ಜೋರಾಗಿ ಓಡ್ತದೆ ಅಂದ್ರಲ್ಲ ಅಂಗಡಿಯೋರು."

"ಬಿಸಿನೂ ಜಾಸ್ತಿ ಆಯ್ತದೆ ಕವನ. ಫ್ಯಾನು ಇಟ್ಟಿನ ಮಿಲ್ಲಿನಂಗೆ ಸದ್ದು ಮಾಡ್ತದೆ."

"ಮಾಡ್ಲಿ ಬುಡು."

"ಮಾಡ್ಲಿ ಅಂದ್ರೆ? ಗ್ವಾಡೆ ಆಚೆಗೇ ಅವ್ವನ ಮಂಚ. ಈಗಿರೋ ಸದ್ದಿಗೇ ಕಣ್ಣು ಮುಚ್ಚಕಾಗಲ್ಲ ಅಂತದೆ."

ತಂಗಿ ಕೌಂಟರಿನ ಮೇಲೆ ಬಿಚ್ಚಿಟ್ಟಿದ್ದ ಸಿಪಿಯು ಕಡೆ ನೋಡುತ್ತಿದ್ದಳು.

"ಮಾತ್ರೆ ನುಂಗಿದ್ ಮೇಲೆ ಮದ್ಯಾನ ಒಸಿ ಜೊಂಪು ಅತ್ತದೆ. ನನ್ ಕೆಲ್ಸನೂ ಅದೇ ಒತ್ನಲ್ಲಿ."

"ಅಣ್ಣ."

"ಏನವ್ವ?"

"ಮಂಚ ಬಿಚ್ಚಿ ಅಟ್ಟಕ್ಕೆ ಆಕುದ್ವಲ್ಲಣ್ಣ. ತಿಥಿ ಆದ್ ಮಾರ್ನೇ ದಿನ. ನೀನೇ ಅಲ್ವಾ ಏಣಿ ಅತ್ತಿದ್ದು."

ಅವನು ಮೊಣಕಾಲ ಮೇಲಿದ್ದ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡ.

"ಊಂ ಕಣವ್ವ. ಆಕುದ್ವಿ."

ತಂಗಿಯೇ ಮೆಲ್ಲಗೆ ಅಂದಳು.

"ಸದ್ದಾದ್ರೆ ಇನ್ಯಾರ್ಗಣ್ಣ ತೊಂದ್ರೆ? ಓವರ್‌ಕ್ಲಾಕೇ ಮಾಡ್ಸು."

ಅಂಗಡಿಯವನು ತಲೆಯೆತ್ತಿದ. "ಏನ್ ಮಾಡ್ಲಿ ನಾಗೇಶಣ್ಣ?"

"ಒಸಾ ಪ್ರೊಸೆಸರೇ ಆಕಿ," ಎಂದು ಅಣ್ಣ ಎದ್ದ. "ಸದ್ದು ಮಾಡ್ದೇ ಇರೋದು."

ತಂಗಿ ಅವನ ಹಿಂದೆಯೇ ಮೆಟ್ಟಿಲಿಳಿದಳು.